ಬೇಲಿಯೇ ಮೇಯ್ದ ಕಡಲು

2026ರ ಜನವರಿ 17ರಂದು ಮುಕ್ತ ಸಮುದ್ರದ ಜೀವವೈವಿಧ್ಯ ಒಪ್ಪಂದ ಜಾರಿಗೆ ಬಂತು. ಯಾವ ದೇಶದ ಹದ್ದಿಗೂ ಸೇರದ ಕಡಲಿನಲ್ಲಿ ಇನ್ನು ಮುಂದೆ ಸಂರಕ್ಷಿತ ಪ್ರದೇಶಗಳನ್ನು ಗುರುತಿಸಬಹುದು. ಅಲ್ಲಿ ಹೊಸ ಚಟುವಟಿಕೆಗೆ ಕೈಹಾಕುವವರು ಪರಿಸರಕ್ಕೆ ಏನಾದೀತೆಂದು ಮೊದಲೇ ಅಳೆದು ತೋರಿಸಬೇಕು. ಸುಮಾರು ಎರಡು ದಶಕಗಳ ಮಾತುಕತೆಯ ಫಲ ಇದು. ಸ್ವಾಗತಿಸಿದವರು ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳಿದರು: ಹೇಳುವವರು ಕೇಳುವವರು ಇಲ್ಲದ ಕಡಲಿಗೆ ಕೊನೆಗೂ ಕಾನೂನು ಬಂತು.

ಒಪ್ಪಂದದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಆ ಸಂತೋಷದ ಹಿಂದಿರುವ ನಂಬಿಕೆಯ ಬಗ್ಗೆ. ಎಲ್ಲರಿಗೂ ಸೇರಿದ್ದನ್ನು ಯಾರೂ ಕಾಯುವುದಿಲ್ಲ, ಕಡಲು ಬರಿದಾಗುತ್ತಿರುವುದು ಒಡೆಯನಿಲ್ಲದ್ದಕ್ಕೆ, ಒಡೆಯನನ್ನು ಕೊಟ್ಟರೆ ಸುಸ್ಥಿರತೆ ತಾನಾಗಿ ಬರುತ್ತದೆ ಎಂಬುದು ಆ ನಂಬಿಕೆ. 1954ರಲ್ಲಿ ಕೆನಡಾದ ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ ಮೀನುಗಾರಿಕೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಇದಕ್ಕೆ ಲೆಕ್ಕದ ಬಲ ಕೊಟ್ಟ. 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಇದನ್ನು ‘ಸಾಮೂಹಿಕ ಸ್ವತ್ತಿನ ದುರಂತ’ ಎಂದು ಕರೆದು ಜಗತ್ತಿನ ಎಲ್ಲ ಪಠ್ಯಪುಸ್ತಕಗಳಿಗೆ ದಾಟಿಸಿದ. ಅಂದಿನಿಂದ ಕಡಲಿನ ಬಗ್ಗೆ ಬರೆಯುವವರು ಈ ವಾದವನ್ನು ಪ್ರಶ್ನಿಸದೆಯೇ ಮುಂದುವರಿಯುತ್ತಾರೆ.

ಆದರೆ ಇದನ್ನು ಪರೀಕ್ಷಿಸಲು ಬೇಕಾದಷ್ಟು ಚರಿತ್ರೆ ನಮ್ಮೆದುರಿಗಿದೆ. ಮೀನಿರುವ ಕಡಲಿಗೆ ಒಡೆಯ ಬಂದು ಸುಮಾರು ಐವತ್ತು ವರ್ಷವಾಯಿತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಪ್ರತಿ ಕರಾವಳಿ ದೇಶಕ್ಕೂ ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ. ದೂರದವರೆಗಿನ ಮೀನು, ತೈಲ, ಖನಿಜಗಳ ಮೇಲೆ ಸಾರ್ವಭೌಮ ಹಕ್ಕು ಕೊಟ್ಟಿತು. ಇದೇ ಅನನ್ಯ ಆರ್ಥಿಕ ವಲಯ. ಜಗತ್ತಿನ ಸಾಗರದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹೀಗೆ ಒಂದಲ್ಲ ಒಂದು ಸರ್ಕಾರದ ವಶಕ್ಕೆ ಹೋಯಿತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಸ್ವತ್ತು ಹಂಚಿಕೆಯಾದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಕಡಲಿನಿಂದ ಹಿಡಿಯುವ ಮೀನಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬರುವುದು ಈ ವಲಯಗಳೊಳಗಿಂದಲೇ. ಮುಕ್ತ ಸಮುದ್ರ ವಿಸ್ತಾರದಲ್ಲಿ ದೊಡ್ಡದು, ಮೀನಿನ ಪಾಲಿನಲ್ಲಿ ಚಿಕ್ಕದು.

ಹಾಗಾದರೆ ಒಡೆಯ ಬಂದ ಮೇಲೆ ಏನಾಯಿತು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನ ಪ್ರಕಾರ 1974ರಲ್ಲಿ ಜಗತ್ತಿನ ಮೀನು ಸಂತತಿಗಳಲ್ಲಿ ಮಿತಿಮೀರಿ ಹಿಡಿಯಲ್ಪಟ್ಟವು ಶೇ. 10ರಷ್ಟಿದ್ದವು. 2021ರ ಹೊತ್ತಿಗೆ ಅವು ಶೇ. 37.7ಕ್ಕೆ ಏರಿದ್ದವು. ಈ ಏರಿಕೆ ನಡೆದದ್ದು ಬೇಲಿ ಹಾಕಿದ ಕಾಲದಲ್ಲಿ, ಬಹುಪಾಲು ಬೇಲಿಯ ಒಳಗೇ. ಹೊಣೆಯನ್ನೆಲ್ಲ ದಿಗಂತದಾಚೆಯ ಯಾರದೋ ಹಡಗಿನ ಮೇಲೆ ಹೊರಿಸುವ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಬೇಲಿ ಹಾಕಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದರ ಹಿಂದೆ ನ್ಯಾಯದ ಕೂಗಿತ್ತು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತನ್ನ ದೇಶದ ಭೂಖಂಡದಂಚಿನ ತೈಲದ ಮೇಲೆ ಹಕ್ಕು ಸಾರಿದ. 1947ರಲ್ಲಿ ಚಿಲಿ, ಪೆರು ದೇಶಗಳು 200 ಮೈಲಿಯ ಹಕ್ಕು ಸಾರಿದವು. ಆಮೇಲೆ ಸ್ವತಂತ್ರವಾದ ಏಷ್ಯಾ, ಆಫ್ರಿಕಾದ ದೇಶಗಳು ತಮ್ಮ ದಡದ ಎದುರಿಗೇ ದೂರದೇಶದ ಹಡಗುಗಳು ಮೀನು ಗೋರಿಕೊಂಡು ಹೋಗುವುದನ್ನು ನೋಡಿ ಇದೇ ಬೇಡಿಕೆಗೆ ದನಿಗೂಡಿಸಿದವು. ‘ಕಡಲ ಸ್ವಾತಂತ್ರ್ಯ’ ಎಂಬ ಹಳೆಯ ತತ್ತ್ವ ಯಂತ್ರಬಲ ಇದ್ದವರಿಗೆ ಮಾತ್ರ ಸ್ವಾತಂತ್ರ್ಯವಾಗಿತ್ತು. ಆದರೆ ನೆರೆಯವನ ಲೂಟಿಯನ್ನು ತಡೆಯುವ ಹಕ್ಕು ಬೇರೆ, ಮನೆಯವನ ಲೂಟಿಯನ್ನು ತಡೆಯುವ ಕಟ್ಟುಪಾಡು ಬೇರೆ. ಮೊದಲನೆಯದು ಸಿಕ್ಕರೆ ಎರಡನೆಯದೂ ಸಿಕ್ಕಿತೆಂದು ತಿಳಿದದ್ದೇ ಎಡವಟ್ಟು.

ಪೆರುವಿನ ಕತೆ ಇದನ್ನು ತೋರಿಸುತ್ತದೆ. 200 ಮೈಲಿಯನ್ನು ಎಲ್ಲರಿಗಿಂತ ಮೊದಲು ಕೇಳಿದ ದೇಶಗಳಲ್ಲಿ ಅದೂ ಒಂದು. ಅದರ ತೀರದ ಆಂಚೊವೆಟಾ ಎಂಬ ಪುಟ್ಟ ಮೀನು ಒಂದು ಕಾಲಕ್ಕೆ ಜಗತ್ತಿನ ಅತಿದೊಡ್ಡ ಮೀನುಗಾರಿಕೆಯಾಗಿತ್ತು. 1970ರಲ್ಲಿ 1.2 ಕೋಟಿ ಟನ್‌ಗೂ ಹೆಚ್ಚು ಹಿಡಿದರು. ಬಹುಪಾಲು ಮೀನುಹುಡಿಯಾಗಿ ಕೋಳಿ, ಹಂದಿಗಳ ಆಹಾರವಾಯಿತು. 1972ರಲ್ಲಿ ಎಲ್ ನಿನೊ ಬಂದು ನೀರು ಬಿಸಿಯಾದಾಗ, ಆಗಲೇ ಬಸವಳಿದಿದ್ದ ಸಂತತಿ ಕುಸಿಯಿತು. ಮಾರನೆಯ ವರ್ಷದ ಹಿಡಿತ 20 ಲಕ್ಷ ಟನ್ ಆಸುಪಾಸಿಗೆ ಇಳಿಯಿತು. ಆ ಮೀನನ್ನು ಹಿಡಿದದ್ದು ಪೆರುವಿನ ದೋಣಿಗಳು, ಹುಡಿ ಮಾಡಿದ್ದು ಪೆರುವಿನ ಕಾರ್ಖಾನೆಗಳು. ಅಲ್ಲಿ ಒಡೆತನಕ್ಕೆ ಕೊರತೆಯಿರಲಿಲ್ಲ, ಕೈತಡೆಯುವವರಿಗೆ ಕೊರತೆಯಿತ್ತು.

ಕೆನಡಾದ ಕತೆ ಇನ್ನೂ ಕಟುವಾದದ್ದು. ಅಲ್ಲಿ ಹಣವಿತ್ತು, ವಿಜ್ಞಾನಿಗಳಿದ್ದರು, ಗಾರ್ಡನ್‌ನ ಸಿದ್ಧಾಂತವೂ ಆ ನೆಲದ್ದೇ. ನ್ಯೂಫೌಂಡ್‌ಲ್ಯಾಂಡ್‌ನ ಎದುರಿಗಿನ ಕಾಡ್ ಮೀನಿಗಾಗಿ ಯುರೋಪಿನವರು ಐದು ಶತಮಾನಗಳಿಂದ ಬರುತ್ತಿದ್ದರು. 1968ರಲ್ಲಿ ಉತ್ತರದ ಕಾಡ್‌ನ ಹಿಡಿತ 8 ಲಕ್ಷ ಟನ್ ಮುಟ್ಟಿತು. ಅದರಲ್ಲಿ ದೊಡ್ಡ ಪಾಲು ವಿದೇಶಿ ಕಾರ್ಖಾನೆ ಹಡಗುಗಳದ್ದು. 1977ರ ಜನವರಿಯಿಂದ ಕೆನಡಾ 200 ಮೈಲಿಯನ್ನು ತನ್ನದೆಂದು ಸಾರಿ ವಿದೇಶಿ ಹಡಗುಗಳನ್ನು ಹೊರದಬ್ಬಿತು. ಮರುವರ್ಷದ ಹಿಡಿತ ಒಂದೂವರೆ ಲಕ್ಷ ಟನ್‌ಗಿಂತ ಕೆಳಗಿಳಿಯಿತು. ಈಗ ಮೀನು ಚೇತರಿಸಿಕೊಳ್ಳುತ್ತದೆ ಎಂದು ಎಲ್ಲರೂ ನಂಬಿದರು.

ಚೇತರಿಕೆಗೆ ಕಾಯುವ ತಾಳ್ಮೆ ಮಾತ್ರ ಯಾರಿಗೂ ಇರಲಿಲ್ಲ. ವಿದೇಶಿ ಟ್ರಾಲರ್‌ಗಳು ಹೋದ ಜಾಗಕ್ಕೆ ಸರ್ಕಾರದ ಸಾಲ, ಸಹಾಯಧನದಲ್ಲಿ ಸ್ವದೇಶಿ ಟ್ರಾಲರ್‌ಗಳು ಬಂದವು, ಸಂಸ್ಕರಣಾ ಘಟಕಗಳು ಎದ್ದವು. ದಡದ ಹತ್ತಿರ ಮೀನು ಹಿಡಿಯುವ ಚಿಕ್ಕ ದೋಣಿಯವರು 1980ರ ದಶಕದ ನಡುವಿನಿಂದಲೇ ಮೀನು ಕಡಿಮೆಯಾಗಿದೆ, ಗಾತ್ರವೂ ಸಣ್ಣದಾಗಿದೆ ಎಂದು ಹೇಳುತ್ತಲೇ ಇದ್ದರು. ಸರ್ಕಾರಿ ವಿಜ್ಞಾನಿಗಳು ದೊಡ್ಡ ಟ್ರಾಲರ್‌ಗಳ ಹಿಡಿತದ ಲೆಕ್ಕವನ್ನು ಹೆಚ್ಚು ನಂಬಿದರು. ಕುಗ್ಗುತ್ತಿರುವ ಮೀನು ಒಂದೆಡೆ ಗುಂಪುಗೂಡುತ್ತದೆ, ಯಂತ್ರವುಳ್ಳ ಹಡಗು ಆ ಗುಂಪನ್ನು ಹುಡುಕಿ ಹಿಡಿಯುತ್ತದೆ, ಹೀಗಾಗಿ ಬಲೆ ಕೊನೆಯವರೆಗೂ ತುಂಬಿಕೊಂಡೇ ಬರುತ್ತದೆ ಎಂಬುದು ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. 1989ರಲ್ಲಿ ವಿಜ್ಞಾನಿಗಳೇ ತಮ್ಮ ಲೆಕ್ಕ ತಿದ್ದಿ 1,25,000 ಟನ್ ಮೀರಬಾರದೆಂದರು. ಸರ್ಕಾರ 2,35,000 ಟನ್ನಿಗೆ ಅನುಮತಿ ಕೊಟ್ಟಿತು.

1992ರ ಜುಲೈ 2ರಂದು ಮೀನುಗಾರಿಕೆ ಸಚಿವ ಜಾನ್ ಕ್ರಾಸ್ಬಿ ಕಾಡ್ ಹಿಡಿಯುವುದನ್ನೇ ನಿಷೇಧಿಸಿದರು. ಸುಮಾರು 30,000 ಜನರ ಕೆಲಸ ಒಂದೇ ಏಟಿಗೆ ಹೋಯಿತು. ಹಿಂದಿನ ದಿನ ಸಿಟ್ಟಿಗೆದ್ದ ಮೀನುಗಾರರ ಮುಂದೆ ಅವರು, ನೀರಿನಿಂದ ಮೀನು ತೆಗೆದದ್ದು ನಾನಲ್ಲ ಎಂದು ರೇಗಿದ್ದರು. ಎರಡು ವರ್ಷಕ್ಕೆಂದು ಹೇರಿದ ನಿಷೇಧ 32 ವರ್ಷ ನಡೆಯಿತು. 2024ರಲ್ಲಿ ತೆರವಾದಾಗ ಅನುಮತಿ ಸಿಕ್ಕಿದ್ದು 18,000 ಟನ್ನಿಗೆ. ಈ ನಡುವೆ 1995ರಲ್ಲಿ ಕೆನಡಾ ತನ್ನ ಗಡಿಯಾಚೆ ಟರ್ಬಟ್ ಮೀನು ಹಿಡಿಯುತ್ತಿದ್ದ ಸ್ಪೇನಿನ ‘ಎಸ್ತಾಯ್’ ಹಡಗನ್ನು ಬಂಧಿಸಿ ಕಡಲ ಸಂರಕ್ಷಕನೆಂದು ಜಗತ್ತಿನ ಮುಂದೆ ಎದೆಯುಬ್ಬಿಸಿತು. ಒಳಗೆ ಸೋತವನಿಗೆ ಹೊರಗಿನ ಕಳ್ಳ ಯಾವಾಗಲೂ ಬೇಕು.

ಇದೆಲ್ಲ ಒಂದೆರಡು ಸರ್ಕಾರಗಳ ದುರಾಸೆ ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಬೇಲಿಗೆ ಮೇಯಲು ಅನುಮತಿ ಕಾನೂನಿನಲ್ಲೇ ಇದೆ. ಸಮುದ್ರ ಕಾನೂನಿನ 61ನೇ ವಿಧಿ ಕರಾವಳಿ ದೇಶ ಮೀನು ಹಿಡಿತಕ್ಕೆ ಮಿತಿ ಗೊತ್ತುಪಡಿಸಬೇಕು, ಅತಿ ಹಿಡಿತದಿಂದ ಸಂತತಿ ಅಪಾಯಕ್ಕೆ ಸಿಲುಕದಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಇಷ್ಟನ್ನೇ ಓದಿದವರು ಇದೊಂದು ಹಸಿರು ಸಂವಿಧಾನವೆಂದು ಹೊಗಳುತ್ತಾರೆ. ಪುಟ ತಿರುವಿದರೆ 62ನೇ ವಿಧಿ ಮೀನಿನ ‘ಅತ್ಯುತ್ತಮ ಬಳಕೆ’ಯನ್ನು ಗುರಿಯಾಗಿಡುತ್ತದೆ. ತಾನು ಹಿಡಿಯಲಾಗದೆ ಉಳಿದದ್ದನ್ನು ಬೇರೆ ದೇಶಗಳಿಗೆ ಬಿಟ್ಟುಕೊಡಬೇಕೆನ್ನುತ್ತದೆ. ನೀರಿನಲ್ಲಿ ಉಳಿದ ಮೀನು ಆ ವಿಧಿಯ ಕಣ್ಣಿಗೆ ವ್ಯರ್ಥವಾದ ಮೀನು.

ಮಿತಿಯ ಅಳತೆಗೋಲಾದರೂ ಯಾವುದು? ‘ಗರಿಷ್ಠ ಸುಸ್ಥಿರ ಇಳುವರಿ’. ಸಂತತಿಗೆ ಪೆಟ್ಟಾಗದಂತೆ ವರ್ಷವರ್ಷವೂ ಹಿಡಿಯಬಹುದಾದ ಅತಿ ಹೆಚ್ಚಿನ ಮೊತ್ತ ಎಂದು ಅದರ ತಾತ್ಪರ್ಯ. ಇದು ವಿಜ್ಞಾನದಿಂದ ಕಾನೂನಿಗೆ ಬಂತೆಂದು ಸಾಮಾನ್ಯ ತಿಳಿವಳಿಕೆ. ಚರಿತ್ರೆ ಬೇರೆಯೇ ಹೇಳುತ್ತದೆ. 1949ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಇದನ್ನು ದೇಶದ ನೀತಿಯೆಂದು ಸಾರಿತು. ಅದಕ್ಕೆ ಗಣಿತದ ಮಾದರಿ ಒದಗಿಸಿದ ಶೇಫರ್‌ನ ಲೇಖನ ಬಂದದ್ದು 1954ರಲ್ಲಿ. ಗರಿಷ್ಠ ಮಟ್ಟ ಮೀರಿದೆ ಎಂದು ಸಾಬೀತಾಗುವ ತನಕ ಯಾರನ್ನೂ ತಡೆಯಬಾರದು ಎಂಬ ವಾದ, ಲ್ಯಾಟಿನ್ ಅಮೆರಿಕದ ತೀರಕ್ಕೆ ಹೋಗುತ್ತಿದ್ದ ಅಮೆರಿಕದ ಟ್ಯೂನಾ ಹಡಗುಗಳಿಗೆ ಬಹಳ ಅನುಕೂಲವಾಗಿತ್ತು. 1977ರಲ್ಲಿ ಪೀಟರ್ ಲಾರ್ಕಿನ್ ಎಂಬ ಮೀನು ವಿಜ್ಞಾನಿ ಈ ಪರಿಕಲ್ಪನೆಗೆ ಚರಮಗೀತೆಯನ್ನೇ ಬರೆದ. ಒಂದು ಮೀನು ಇನ್ನೊಂದನ್ನು ತಿನ್ನುತ್ತದೆ, ನೀರಿನ ಬಿಸಿ ಏರಿಳಿಯುತ್ತದೆ, ಒಂದೊಂದು ಜಾತಿಗೆ ಒಂದೊಂದು ಸ್ಥಿರ ಗರಿಷ್ಠ ಅಂಕಿ ಎಂಬುದು ಕಾಗದದ ಮೇಲಷ್ಟೇ ನಿಲ್ಲುತ್ತದೆ ಎಂಬುದು ಅವನ ವಾದ. ಐದು ವರ್ಷದ ನಂತರ ಅದೇ ಅಳತೆಗೋಲು ಸಮುದ್ರ ಕಾನೂನಿನಲ್ಲಿ ಸೇರಿತು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳು ಮೀನಿನ ಚೇತರಿಕೆಯನ್ನು ಅಳೆಯಲು ಹೊರಟದ್ದೂ ಅದರಿಂದಲೇ. ಅತಿ ಹಿಡಿತವನ್ನು 2020ರೊಳಗೆ ನಿಲ್ಲಿಸುವೆವೆಂಬ ಅಲ್ಲಿನ ಮಾತು ಉಳಿಯಲಿಲ್ಲ.

ಬೂತಾಯಿ ತಿನ್ನುವ ಕರಾವಳಿಯವರಿಗೆ ಲಾರ್ಕಿನ್‌ನ ಮಾತನ್ನು ವಿವರಿಸಬೇಕಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ 3,300 ಟನ್ನಿಗೆ ಕುಸಿಯಿತು. ಮಳೆ, ನೀರಿನ ಉಷ್ಣತೆ, ಎಲ್ ನಿನೊ ಎಲ್ಲವೂ ಅದರ ಹುಟ್ಟುಸಾವನ್ನು ನಿರ್ಧರಿಸುತ್ತವೆ. ಇಂಥ ಮೀನಿನಿಂದ ಪ್ರತಿವರ್ಷ ಇಂತಿಷ್ಟು ಗರಿಷ್ಠ ಪಡೆಯಬಹುದೆಂದು ಲೆಕ್ಕ ಹಾಕಿ ಅಷ್ಟೂ ದೋಣಿಗಳನ್ನು ಕಟ್ಟಿದರೆ, ಕೆಟ್ಟ ವರ್ಷದಲ್ಲಿ ಆ ದೋಣಿಗಳೇ ಸಂತತಿಯ ಕತ್ತು ಹಿಸುಕುತ್ತವೆ.

ಇಷ್ಟಾದರೂ ದೇಶವೊಂದು ತಪ್ಪಿದರೆ ನ್ಯಾಯಾಲಯವಾದರೂ ಕೇಳಬಹುದಲ್ಲ? ಇಲ್ಲಿದೆ ಗುಟ್ಟು. ಸಮುದ್ರ ಕಾನೂನಿನ ದೊಡ್ಡ ಹೆಮ್ಮೆ ಅದರ ಕಡ್ಡಾಯ ವಿವಾದ ಪರಿಹಾರ ವ್ಯವಸ್ಥೆ. ಒಪ್ಪಂದಕ್ಕೆ ಸೇರಿದವರು ನ್ಯಾಯಪೀಠದ ಕಟಕಟೆಯಿಂದ ಸುಲಭವಾಗಿ ತಪ್ಪಿಸಿಕೊಳ್ಳಲಾರರು. ಆದರೆ 297ನೇ ವಿಧಿಯ ಮೂರನೆಯ ಉಪವಿಧಿ ಒಂದು ಹಿಂಬಾಗಿಲು ತೆರೆದಿಟ್ಟಿದೆ. ತನ್ನ ವಲಯದ ಮೀನಿನ ಬಗ್ಗೆ, ಎಷ್ಟು ಹಿಡಿಯಬಹುದು, ತನ್ನ ಸಾಮರ್ಥ್ಯ ಎಷ್ಟು, ಉಳಿದದ್ದನ್ನು ಯಾರಿಗೆ ಕೊಡುವುದು ಎಂಬ ವಿಷಯಗಳಲ್ಲಿ ಕರಾವಳಿ ದೇಶ ಕಡ್ಡಾಯ ತೀರ್ಪಿಗೆ ಒಳಪಡಬೇಕಿಲ್ಲ. ಸಂತತಿಯನ್ನೇ ಗಂಡಾಂತರಕ್ಕೆ ದೂಡಿದ್ದು ಕಣ್ಣಿಗೆ ಹೊಡೆಯುವಂತಿದ್ದರೆ ಸಂಧಾನ ಸಮಿತಿಗೆ ಹೋಗಬಹುದು. ಆ ಸಮಿತಿ ದೇಶದ ವಿವೇಚನೆಯ ಜಾಗದಲ್ಲಿ ತನ್ನದನ್ನು ಇಡುವಂತಿಲ್ಲ, ಅದರ ವರದಿಗೆ ಯಾರೂ ಬದ್ಧರೂ ಅಲ್ಲ. ಹಕ್ಕಿಗೆ ಹಲ್ಲು ಕೊಟ್ಟ ಕಾನೂನು ಕರ್ತವ್ಯಕ್ಕೆ ಬುದ್ಧಿಮಾತು ಮಾತ್ರ ಕೊಟ್ಟಿದೆ.

ಇದಕ್ಕೆ ಎದುರಾಡುವವರ ಬಳಿ ಎರಡು ಗಟ್ಟಿ ವಾದಗಳಿವೆ. ಒಂದು, ನ್ಯಾಯಪೀಠಗಳು ಈಗ ಬದಲಾಗುತ್ತಿವೆ. 2016ರ ದಕ್ಷಿಣ ಚೀನಾ ಸಮುದ್ರದ ತೀರ್ಪು ಹವಳದ ದಿಬ್ಬ, ದೈತ್ಯ ಚಿಪ್ಪುಜೀವಿಗಳ ನಾಶಕ್ಕೆ ಚೀನಾವನ್ನು ಹೊಣೆ ಮಾಡಿತು. ಕಡಲ ಪರಿಸರವನ್ನು ಕಾಯಬೇಕೆನ್ನುವ 192ನೇ ವಿಧಿ ಬರಿಯ ಆಶಯವಲ್ಲ, ನಿಜವಾದ ಬಾಧ್ಯತೆ ಎಂದಿತು. 2024ರ ಮೇ ತಿಂಗಳಲ್ಲಿ ಹ್ಯಾಂಬರ್ಗಿನ ಸಮುದ್ರ ಕಾನೂನು ನ್ಯಾಯಮಂಡಳಿ ಹಸಿರುಮನೆ ಅನಿಲಗಳೂ ಕಡಲ ಮಾಲಿನ್ಯವೇ ಎಂದು ಅಭಿಪ್ರಾಯ ಕೊಟ್ಟಿತು. ಇವು ದೊಡ್ಡ ಹೆಜ್ಜೆಗಳೆಂಬುದನ್ನು ಒಪ್ಪುತ್ತೇನೆ. ಆದರೆ ದೇಶವೊಂದು ತನ್ನದೇ ವಲಯದಲ್ಲಿ ತನ್ನದೇ ದೋಣಿಗಳಿಗೆ ಎಷ್ಟು ಮೀನು ಬಿಟ್ಟುಕೊಟ್ಟಿತು ಎಂಬ ದಿನನಿತ್ಯದ ಪ್ರಶ್ನೆಯನ್ನು ಅವು ಮುಟ್ಟಿಲ್ಲ. ಮುಟ್ಟಬೇಕೆಂದರೆ ಇನ್ನೊಂದು ದೇಶ ದೂರು ಕೊಡಬೇಕು. ತಮ್ಮ ಸರ್ಕಾರದ ಮೇಲೆ ದೂರಿರುವ ಮೀನುಗಾರರಿಗೆ ಆ ಕಟಕಟೆಯಲ್ಲಿ ಜಾಗವಿಲ್ಲ.

ಎರಡನೆಯ ವಾದ ಇನ್ನೂ ತೂಕದ್ದು. ಒಡೆತನ ಸಿಕ್ಕ ಮೇಲೆಯೇ ಐಸ್‌ಲ್ಯಾಂಡ್ ತನ್ನ ಕಾಡ್ ಮೀನನ್ನು ಉಳಿಸಿಕೊಂಡಿತಲ್ಲ ಎನ್ನುತ್ತಾರೆ. ಬ್ರಿಟನ್ನಿನ ಜೊತೆ ಕಾದಾಡಿ ಅದು 1975ರಲ್ಲಿ 200 ಮೈಲಿ ಸಾರಿತು, ನಿಜ. ಆದರೆ ಮುಂದಿನ ಹದಿನೈದಿಪ್ಪತ್ತು ವರ್ಷ ಅದರದ್ದೇ ದೋಣಿಗಳು ಅತಿಯಾಗಿ ಹಿಡಿದವು. ಪರಿಸ್ಥಿತಿ ತಿರುಗಿದ್ದು 1995ರಲ್ಲಿ, ಹಿಡಿಯಬಹುದಾದ ಸಂತತಿಯ ನಾಲ್ಕನೆಯ ಒಂದು ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದ ಮೇಲೆ. ಆ ವ್ಯವಸ್ಥೆಯೂ ಎಲ್ಲರಿಗೆ ನ್ಯಾಯ ಕೊಡಲಿಲ್ಲ. ಕೋಟಾ ಹಂಚಿಕೆಯಲ್ಲಿ ಹೊಸಬರಿಗೆ ತಾರತಮ್ಯವಾಗಿದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2007ರಲ್ಲಿ ಹೇಳಿತು.

ಪೆಸಿಫಿಕ್‌ನ ಎಂಟು ದ್ವೀಪರಾಷ್ಟ್ರಗಳು ಇನ್ನೂ ಒಳ್ಳೆಯ ಉದಾಹರಣೆ. ಕಿರಿಬಾಟಿ, ನೌರು, ತುವಾಲು, ಪಪುವಾ ನ್ಯೂಗಿನಿಯಂಥ ಈ ದೇಶಗಳು 1982ರ ನೌರು ಒಪ್ಪಂದದಿಂದ ಒಟ್ಟಾದವು. 2007ರಿಂದ ಟ್ಯೂನಾ ಹಡಗುಗಳಿಗೆ ದಿನಗಳನ್ನು ಮಾರತೊಡಗಿದವು. ಇಡೀ ವರ್ಷಕ್ಕೆ ಇಷ್ಟೇ ದಿನ, ಕೊಂಡವರು ಮಾತ್ರ ಬಲೆ ಇಳಿಸಬಹುದು. ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಹಡಗಿನಲ್ಲಿ ವೀಕ್ಷಕ ಇರಲೇಬೇಕು. ನಮ್ಮ ವಲಯದ ಪರವಾನಗಿ ಬೇಕಾದರೆ ನಮ್ಮ ನಡುವಿನ ಮುಕ್ತ ಸಮುದ್ರದ ತುಂಡುಗಳಲ್ಲಿ ಹಿಡಿಯಬೇಡಿ ಎಂಬ ಷರತ್ತನ್ನೂ ಹಾಕಿದವು. ಅವುಗಳ ಆದಾಯ ಸುಮಾರು 6 ಕೋಟಿ ಡಾಲರಿನಿಂದ ಒಂದು ದಶಕದೊಳಗೆ 50 ಕೋಟಿಯ ಸನಿಹಕ್ಕೆ ಏರಿತು, ಟ್ಯೂನಾ ಸಂತತಿಯೂ ಕುಸಿಯಲಿಲ್ಲ. ಒಡೆತನ ಪೆರುವಿಗೂ ಇತ್ತು, ಕೆನಡಾಕ್ಕೂ ಇತ್ತು. ಈ ಪುಟ್ಟ ದೇಶಗಳು ಗೆದ್ದದ್ದು ಒಟ್ಟು ಮಿತಿಯೊಂದನ್ನು ಕಟ್ಟಿಕೊಂಡು, ಅದನ್ನು ಪರಸ್ಪರ ಕಾದುದರಿಂದ. ಒಬ್ಬ ಸಡಿಲಿಸಿದರೆ ಉಳಿದ ಏಳು ಜನ ಕೇಳುತ್ತಿದ್ದರು.

ನಮ್ಮ ಕಡಲಿಗೆ ಬರೋಣ. ಭಾರತ 1976ರಲ್ಲೇ ಕಾನೂನು ಮಾಡಿ ಸುಮಾರು 20 ಲಕ್ಷ ಚದರ ಕಿ.ಮೀ. ಕಡಲನ್ನು ತನ್ನದಾಗಿಸಿಕೊಂಡಿತು. 1981ರಲ್ಲಿ ವಿದೇಶಿ ಹಡಗುಗಳ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾಯ್ದೆ ಬಂತು. ದಡದಿಂದ 12 ಮೈಲಿಯವರೆಗೆ ರಾಜ್ಯದ ಅಧಿಕಾರ. ಕರ್ನಾಟಕದ ಕಾಯ್ದೆ 1986ರದ್ದು. ಅದರಾಚೆ ಭಾರತದ್ದೇ ದೋಣಿಗಳಿಗೆ ಅನ್ವಯಿಸುವ ಸಮಗ್ರ ಕಟ್ಟಳೆ ದಶಕಗಟ್ಟಲೆ ಇರಲಿಲ್ಲ. ಪರಕೀಯನಿಗೆ ಕಾಯ್ದೆ, ಸ್ವಕೀಯನಿಗೆ ಬಯಲು. 1991ರಲ್ಲಿ ‘ಉಳಿದ ಮೀನ’ನ್ನು ಬಳಸಲು ವಿದೇಶಿ ಪಾಲುದಾರಿಕೆಯ ಹಡಗುಗಳಿಗೆ ದಾರಿ ತೆರೆದಾಗ ಅದನ್ನು ನಿಲ್ಲಿಸಿದ್ದು ಯಾವ ಅಂತರರಾಷ್ಟ್ರೀಯ ವಿಧಿಯೂ ಅಲ್ಲ. ಥಾಮಸ್ ಕೊಚೇರಿಯವರಂಥ ನಾಯಕರ ಜೊತೆ ಬಂದರುಗಳನ್ನೇ ಬಂದ್ ಮಾಡಿದ ಮೀನುಗಾರರು, ಆ ಪರವಾನಗಿಗಳನ್ನು ರದ್ದು ಮಾಡಿ ಎಂದ, ಸರ್ಕಾರವೇ ನೇಮಿಸಿದ್ದ ಮುರಾರಿ ಸಮಿತಿ.

ಕರ್ನಾಟಕದ ದಡದಲ್ಲಿ ಒಡೆಯನ ವಾದವನ್ನು ತಲೆಕೆಳಗು ಮಾಡುವ ಇನ್ನೊಂದು ಕತೆಯಿದೆ. ರಂಪಣಿ ಎಂದರೆ ಊರಿನ ಹತ್ತಾರು ಜನ ದಡದಿಂದ ಎಳೆಯುವ ದೊಡ್ಡ ಬಲೆ. ಮೀನು ಪಾಲಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತಿತ್ತು. ಯಾವಾಗ ಎಳೆಯಬೇಕು, ಎಲ್ಲಿ ಎಳೆಯಬೇಕು, ಯಾರಿಗೆ ಎಷ್ಟು ಎಂಬುದಕ್ಕೆಲ್ಲ ಕಟ್ಟಳೆ ಇತ್ತು. ಹಾರ್ಡಿನ್ ಹೇಳಿದಂಥ, ಹೇಳುವವರು ಕೇಳುವವರಿಲ್ಲದ ಸಾಮೂಹಿಕ ಸ್ವತ್ತು ಅದಾಗಿರಲಿಲ್ಲ. ಅಮೆರಿಕದ ವಿದ್ವಾಂಸೆ ಎಲಿನರ್ ಆಸ್ಟ್ರಮ್ ಮುಂದೆ 1990ರಲ್ಲಿ ಪುಸ್ತಕವಾಗಿಸಿ, 2009ರಲ್ಲಿ ನೊಬೆಲ್ ಪಡೆದದ್ದು ಇಂಥ ಕಟ್ಟಳೆಗಳ ಅಧ್ಯಯನಕ್ಕೇ. 1970ರ ದಶಕದ ಉತ್ತರಾರ್ಧದಲ್ಲಿ ಸರ್ಕಾರದ ಪ್ರೋತ್ಸಾಹ, ಬ್ಯಾಂಕಿನ ಸಾಲದೊಂದಿಗೆ ಪರ್ಸೀನ್ ದೋಣಿಗಳು ಇಳಿದವು. ದಡಕ್ಕೆ ಬರುವ ಬಂಗುಡೆ, ಬೂತಾಯಿಯ ಗುಂಪನ್ನು ಆಳದಲ್ಲೇ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮರೆಯಾಯಿತು. ಈಗ ಉಳಿದಿರುವುದು ಕೈರಂಪಣಿ. ರಂಪಣಿಯೂ ಮರಿಮೀನು ಹಿಡಿಯುತ್ತಿತ್ತು, ಅದನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಆದರೆ ಇಲ್ಲಿ ಸಾಮೂಹಿಕ ಸ್ವತ್ತನ್ನು ಮುರಿದದ್ದು ಅರಾಜಕತೆಯಲ್ಲ, ಅಭಿವೃದ್ಧಿಯ ಯೋಜನೆ.

ಇಂದಿನ ಪರ್ಸೀನಿನವರೂ ಅದೇ ಯೋಜನೆಯ ಸಾಲದಲ್ಲಿ ಸಿಕ್ಕಿದವರೇ. ದೋಣಿ ದೊಡ್ಡದಾಯಿತು, ಎಂಜಿನ್ ದೊಡ್ಡದಾಯಿತು, ಡೀಸೆಲ್ ಖರ್ಚು ತೂಗಿಸಲು ಬೆಳಕು ಹಾಯಿಸಿ ಮೀನು ಕರೆಯಬೇಕಾಯಿತು. ಬೆಳಕಿನ ಮೀನುಗಾರಿಕೆಯನ್ನೂ ಎರಡು ದೋಣಿ ಕಟ್ಟಿ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೂ ನಾಡದೋಣಿಯವರ ದೂರು ನಿಂತಿಲ್ಲ. ಉಳ್ಳಾಲ, ಉಡುಪಿ ಕಡೆಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುವ ಸಣ್ಣ ಮೀನಿನ ಬಗ್ಗೆಯೂ ಅವರ ದೂರಿದೆ. ಮಳೆಗಾಲದ 61 ದಿನ ಕಡಲಿಗೆ ಬಿಡುವು ಕೊಡುತ್ತೇವೆ. ಉಳಿದ ಮುನ್ನೂರು ದಿನ ಎಷ್ಟು ದೋಣಿ, ಎಷ್ಟು ಅಶ್ವಶಕ್ತಿ ಎಂಬುದಕ್ಕೆ ತಡೆ ಹಾಕುವ ಧೈರ್ಯ ತೋರುವುದಿಲ್ಲ.

ವಿಶ್ವ ವ್ಯಾಪಾರ ಸಂಸ್ಥೆಯ ಮೀನುಗಾರಿಕೆ ಸಹಾಯಧನದ ಮಾತುಕತೆಯಲ್ಲಿ ಭಾರತದ ನಿಲುವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ದೂರದ ಕಡಲಿಗೆ ಹೋಗುವ ಶ್ರೀಮಂತ ದೇಶಗಳ ಹಡಗುಗಳಿಗೆ ಸಿಗುವ ಸಹಾಯಧನವನ್ನು ಮೊದಲು ನಿಲ್ಲಿಸಿ, ನಮ್ಮ 200 ಮೈಲಿಯೊಳಗೆ 25 ವರ್ಷ ನಮ್ಮನ್ನು ಮುಟ್ಟಬೇಡಿ ಎಂದು ನಮ್ಮ ಸರ್ಕಾರ ವಾದಿಸಿತು. ಮೊದಲ ಅರ್ಧ ಸರಿ. ಎರಡನೆಯ ಅರ್ಧದಲ್ಲಿ ಬಡ ಮೀನುಗಾರನ ಹೆಸರು ಹೇಳಿ ಯಾರಿಗೆ ರಕ್ಷಣೆ ಕೊಡಲಾಗುತ್ತಿದೆ ಎಂದು ಕೇಳಬೇಕು. ದೊಡ್ಡ ದೋಣಿ ಕುಡಿಯುವ ಡೀಸೆಲ್ಲಿಗೂ ನಾಡದೋಣಿಯ ಸೀಮೆಎಣ್ಣೆಗೂ ಒಂದೇ ವಾದ ಹೊಂದುವುದಿಲ್ಲ.

2025ರಲ್ಲಿ ಕೇಂದ್ರ ಸರ್ಕಾರ ಅನನ್ಯ ಆರ್ಥಿಕ ವಲಯದ ಸುಸ್ಥಿರ ಮೀನುಗಾರಿಕೆಗೆ ಕೊನೆಗೂ ನಿಯಮ ಹೊರಡಿಸಿದೆ. ಯಾಂತ್ರಿಕ ದೋಣಿಗಳಿಗೆ ಪಾಸ್ ಬೇಕು. ಒಳ್ಳೆಯದೇ. ಆದರೆ ಪಾಸ್ ಕೊಡುವುದು ಬೇರೆ, ಇಷ್ಟೇ ಪಾಸ್ ಎಂದು ಮಿತಿ ಹಾಕುವುದು ಬೇರೆ. ಕೆನಡಾದ ದೋಣಿಗಳ ಹತ್ತಿರವೂ ಪರವಾನಗಿ ಇತ್ತು. ಈ ನಿಯಮ ಬೇಲಿಯಾಗುತ್ತದೋ ಮೇಯುವ ಬೇಲಿಯಾಗುತ್ತದೋ ಎಂಬುದು ಮೂರು ವಿಷಯಗಳಿಂದ ಗೊತ್ತಾಗುತ್ತದೆ: ಒಟ್ಟು ದೋಣಿ ಮತ್ತು ಎಂಜಿನ್ ಶಕ್ತಿಗೆ ಗರಿಷ್ಠ ಮಿತಿ ಇದೆಯೇ, ಬಂದರುವಾರು ಹಿಡಿತ, ಸಹಾಯಧನ, ದಂಡದ ಲೆಕ್ಕ ಪ್ರತಿವರ್ಷ ಬಹಿರಂಗವಾಗುತ್ತದೆಯೇ, ನಾಡದೋಣಿಯವರು, ಮೀನು ಮಾರುವ ಮಹಿಳೆಯರು ಮಿತಿ ನಿರ್ಧರಿಸುವ ಸಭೆಯಲ್ಲಿ ಮತ ಹಾಕುತ್ತಾರೆಯೇ, ಇಲ್ಲ ಬರಿಯ ಅಹವಾಲು ಕೊಡುತ್ತಾರೆಯೇ.

ಭಾರತ 2024ರ ಸೆಪ್ಟೆಂಬರಿನಲ್ಲಿ ಮುಕ್ತ ಸಮುದ್ರದ ಒಪ್ಪಂದಕ್ಕೆ ಸಹಿ ಹಾಕಿತು. ಯಾರದ್ದೂ ಅಲ್ಲದ ಕಡಲನ್ನು ಕಾಯುತ್ತೇವೆಂದು ಜಗತ್ತಿಗೆ ಮಾತು ಕೊಡುವುದು ಸುಲಭ. ಅಲ್ಲಿ ನಮ್ಮ ಮತದಾರರಿಲ್ಲ, ನಮ್ಮ ದೋಣಿ ಮಾಲೀಕರಿಲ್ಲ, ನಮ್ಮ ಕಾರ್ಖಾನೆಗಳಿಲ್ಲ. ಸುಸ್ಥಿರತೆಯ ಪರೀಕ್ಷೆ ನಡೆಯುವುದು ನಮ್ಮದೆಂದು ಗೆರೆ ಎಳೆದುಕೊಂಡ 200 ಮೈಲಿಯೊಳಗೆ. ಅಲ್ಲಿ ಉತ್ತರ ಕೊಡಬೇಕಾದವರು ನಾವೇ ಆರಿಸಿದವರು. ಅವರನ್ನು ಕೇಳಲು ಹ್ಯಾಂಬರ್ಗಿಗೆ ಹೋಗಬೇಕಿಲ್ಲ.